ತೆರೆದಿಟ್ಟ ಪೈಪಿನ ಬಾಯಿ

ಏಸಿ ಓಡುತ್ತಿತ್ತು, ಗಾಳಿಯೂ ಬರುತ್ತಿತ್ತು. ತಣ್ಣಗಾಗುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಿತ್ತು. ಗೀತಾಂಜಲಿ ಸ್ಟೂಲು ಹತ್ತಿ ಗೋಡೆಯ ಮೇಲಿನ ಪೆಟ್ಟಿಗೆಗೆ ಅಂಗೈ ಒಡ್ಡಿದಳು, ಇಳಿದಳು, ಮತ್ತೆ ಹತ್ತಿ ಒಡ್ಡಿದಳು. ಅಷ್ಟರಲ್ಲಿ ತಣ್ಣಗಾಗಿಬಿಡುತ್ತದೆಯೇ! ಬಂದದ್ದು ಅದೇ ಉಗುರುಬೆಚ್ಚನೆಯ ಗಾಳಿ.

"ಇದಕ್ಕಿಂತ ನಮ್ಮ ಹಳೇ ಫ್ಯಾನೇ ವಾಸಿ ಇತ್ತಲ್ಲಮ್ಮಾ," ಎಂದರು ವೃಷಭರಾಜ ಗೌಡರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು. ಪನಮರಂ ಊರಿನ ಹತ್ತಿರ ಕಾಫಿ, ಮೆಣಸಿನ ತೋಟ ಇಟ್ಟುಕೊಂಡಿದ್ದ ಗೌಡರು ವಯನಾಡಿಗೂ ಏಸಿ ಬೇಕೇ ಎಂದು ಊರವರ ಮುಂದೆಲ್ಲ ನಗುತ್ತಾ ಬಂದವರು. ಈ ಬೇಸಿಗೆಯ ಸೆಕೆಗೆ ರಾತ್ರಿಯೆಲ್ಲ ಹೊರಳಾಡಿದ ಮೇಲೆ ನಗು ನಿಂತಿತ್ತು.

ಗೀತಾಂಜಲಿ ಸ್ಟೂಲಿನಿಂದ ಇಳಿದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಕಾಟ್ಟಿಕುಳದ ಹುಡುಗಿ, ಐಟಿಐನಲ್ಲಿ ಏಸಿ ಕೆಲಸ ಕಲಿತವಳು. ಆದರೆ ಮಾನಂತವಾಡಿಯ ಚಂದ್ರನ್ ಅವರ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ಕೌಂಟರಿನಲ್ಲಿ ಕೂತು ಫೋನ್ ಎತ್ತುವ ಕೆಲಸ. ಬೇಡಿ, ಜಗಳಾಡಿ, ಕೊನೆಗೂ ಈ ಮನೆಗೆ ಹೊಸ ಏಸಿ ಹಾಕುವ ಕೆಲಸವನ್ನು ಒಬ್ಬಳೇ ಮಾಡುತ್ತೇನೆಂದು ಒಪ್ಪಿಸಿದ್ದಳು. "ಆ ಮನೆಯಿಂದ ಒಂದು ದೂರು ಬಂತೋ, ಮತ್ತೆ ಕೌಂಟರೇ ಗತಿ," ಎಂದಿದ್ದರು ಚಂದ್ರನ್. ಗೌಡರಿಗೂ ಹುಡುಗಿಯ ಕೈಗೆ ಕೆಲಸ ಕೊಡಲು ಮನಸ್ಸಿರಲಿಲ್ಲ. ಅವರ ಹೆಂಡತಿ ಲೀಲಾವತಿಯಮ್ಮ, "ಕಲಿತ ಮಗು, ಮಾಡ್ತಾಳೆ ಬಿಡಿ," ಎಂದು ಹಟ ಹಿಡಿದದ್ದಕ್ಕೆ ಒಪ್ಪಿದ್ದರು.

ಅವಳು ಮೊದಲು ವೈರಿನ ಮೇಲೆ ಅನುಮಾನಪಟ್ಟಳು. ಒಳಗಿನ ಪೆಟ್ಟಿಗೆಯಿಂದ ಹೊರಗಿನ ಪೆಟ್ಟಿಗೆಗೆ ಹೋಗುವ ವೈರುಗಳನ್ನು ಬಿಚ್ಚಿ, ಬಣ್ಣಕ್ಕೆ ಬಣ್ಣ, ನಂಬರಿಗೆ ನಂಬರು ನೋಡಿ ಮತ್ತೆ ಬಿಗಿದಳು. ಎಲ್ಲ ಸರಿಯಾಗಿತ್ತು. ವೈರಲ್ಲ ಅಂದರೆ ಪೈಪು.

ಪೈಪಿನ ವಿಷಯದಲ್ಲಿ ಅವಳ ಮನಸ್ಸು ಶುದ್ಧವಿರಲಿಲ್ಲ. ಗ್ಯಾಸು ಹೋಗಿ ಬರುವ ಎರಡು ತಾಮ್ರದ ಪೈಪುಗಳನ್ನು ಕಳೆದ ವಾರವೇ ಗೋಡೆಯೊಳಗೆ ಕೂರಿಸಿ, ಬಣ್ಣದವರ ಕೆಲಸ ಮುಗಿಯಲೆಂದು ಬಿಟ್ಟು ಹೋಗಿದ್ದಳು. ನಾಲ್ಕು ಬಾಯಿಗಳಲ್ಲಿ ಮೂರಕ್ಕೆ ಮುಚ್ಚಳ ಹಾಕಿದ್ದಳು. ದಪ್ಪ ಪೈಪಿನ ಹೊರಗಡೆಯ ಬಾಯಿಗೆ ಮುಚ್ಚಳ ಸಿಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಏನಾಗುತ್ತೆ ಮಹಾ ಎಂದು ಹಾಗೇ ಹೋಗಿಬಿಟ್ಟಿದ್ದಳು. ಇವತ್ತಾದರೂ ಜೋಡಿಸುವ ಮುಂಚೆ ಪೈಪಿನೊಳಗೆ ಗಾಳಿ ಊದಿ ನೋಡಬೇಕಿತ್ತು. ಅದನ್ನೂ ಮಾಡಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ!

"ಏನಾದ್ರೂ ಬಿಟ್ಟುಹೋಗಿದೆಯಾ?" ಎಂದರು ಗೌಡರು.

"ನಾನೇನೂ ಬಿಟ್ಟಿಲ್ಲ!" ಎಂದು ಸಿಡಿದಳು ಗೀತಾಂಜಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿಗೇ ನಾಚಿಕೆಯಾಯಿತು.

ಲೀಲಾವತಿಯಮ್ಮನೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಡಿಗೆಮನೆಯಿಂದ ಬರುವರು, ಸೆರಗಿಗೆ ಕೈ ಒರೆಸಿಕೊಳ್ಳುವರು, ಹೋಗುವರು. "ಮೋಳೇ, ಆ ಪೈಪಿಗೆ..." ಎಂದು, ಮಲಯಾಳಿಗಳ ಹಾಗೆ ಮಗಳೇ ಎಂದು ಕರೆದು, ಒಮ್ಮೆ ಬಾಯಿ ತೆಗೆದರು.

"ನಿನಗೇನು ಗೊತ್ತಾಗುತ್ತೆ ಅದು? ಹೊತ್ತು ಇಳೀತಾ ಇದೆ, ಊಟಕ್ಕೆ ಹಾಕು," ಎಂದು ಗೌಡರು ತಡೆದರು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಗೌಡರಿಗೆ ಬಡಿಸಿ, ತಮ್ಮ ತಟ್ಟೆ ಹಾಗೇ ಮುಚ್ಚಿಟ್ಟು, ಅಮ್ಮ ಮತ್ತೆ ಅಂಗಳಕ್ಕೆ ಬಂದರು. ಗೌಡರು ಉಂಡೆದ್ದು ಕೈ ತೊಳೆದವರೇ ಚಂದ್ರನ್‌ಗೆ ಫೋನ್ ಹಚ್ಚಿದ್ದು ಗೀತಾಂಜಲಿಗೆ ಕೇಳಿಸಿತು. ದೂರು ಹೋಗಿಯೇಬಿಟ್ಟಿತು.

ಹೊರಗಿನ ಪೆಟ್ಟಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳು ದಪ್ಪ ಪೈಪನ್ನು ಕೈಯಿಂದ ಸವರುತ್ತಾ ಬಂದಳು. ನಟ್ಟಿನಿಂದ ಒಂದು ಗೇಣು ಆಚೆ ಒಂದೇ ಒಂದು ಜಾಗದಲ್ಲಿ ಬಿಳಿ ಮಂಜು ಕಟ್ಟಿತ್ತು. ಇಕ್ಕಟ್ಟಿನಲ್ಲಿ ನುಸುಳುವ ಗ್ಯಾಸು ಅಲ್ಲೇ ತಣಿಯುತ್ತಿದೆ ಎಂದರೆ ಅಲ್ಲೇನೋ ಸಿಕ್ಕಿಕೊಂಡಿದೆ! ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆಸಿ, ಬೀಗ ಹಾಕಿದಂತೆ ಅಲ್ಲೇ ನಿಲ್ಲಿಸಿ, ನಟ್ಟು ಬಿಚ್ಚಿದಳು. ತಂತಿಯ ತುದಿ ಬಗ್ಗಿಸಿ ಒಳಗೆ ತೂರಿಸಿ ಎಳೆದಳು. ಬಿಗಿಯಾಗಿ ಸುತ್ತಿದ ಬಿಳಿ ಬಟ್ಟೆಯ ಉಂಡೆಯೊಂದು ಹೊರಗೆ ಬಂತು.

ಆ ಬಟ್ಟೆಯನ್ನು ಅವಳು ನೋಡಿದ್ದಳು. ಬೆಳಿಗ್ಗೆ ನೀರು ಕೇಳಿದಾಗ ಅಮ್ಮ ಇಂಥದೇ ಬಟ್ಟೆಯಲ್ಲಿ ಸೋಸಿ ಕೊಟ್ಟಿದ್ದರು. ಈ ಮನೆಯಲ್ಲಿ ಹುಳ ಸಾಯಬಾರದೆಂದು ನೀರನ್ನು ಸೋಸದೆ ಕುಡಿಯುವುದಿಲ್ಲ.

"ನಾನೇ ಮೋಳೇ," ಎಂದರು ಲೀಲಾವತಿಯಮ್ಮ. "ನೀನು ಹೋದ ಸಂಜೆ ಒಂದು ಕುಂಬಾರ ಹುಳ ಇದರೊಳಗೆ ಹೋಗಿ ಬಂದು ಮಾಡ್ತಿತ್ತು. ಮಣ್ಣು ತಂದು ಗೂಡು ಕಟ್ಟೋದಲ್ವಾ ಅದು? ಮೊಟ್ಟೆ ಇಟ್ಮೇಲೆ ನೀವು ಮಿಷನ್ ಹಾಕಿದ್ರೆ ಮರಿ ಸತ್ತೇಹೋಗ್ತದೆ. ಅದು ಹೊರಗೆ ಬರೋವರೆಗೆ ಇಲ್ಲೇ ಕೂತಿದ್ದೆ. ಬಂದ್ಮೇಲೆ ಬಟ್ಟೆ ತುರುಕಿ, ಬೀಳದ ಹಾಗೆ ಕಡ್ಡೀಲಿ ಒಳಗೆ ತಳ್ಳಿದೆ. ಹೇಳ್ಬೇಕು ಹೇಳ್ಬೇಕು ಅಂತ ಬೆಳಿಗ್ಗೆ ಮರೆತೇಬಿಟ್ಟೆ. ಆಮೇಲೆ ಹೆದರಿಕೆ ಆಯ್ತು."

ಗೀತಾಂಜಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಟ್ಟೆ ಇಲ್ಲದೇ ಇದ್ದಿದ್ದರೆ ಮಣ್ಣು ಒಳಗೆ ಹೋಗಿ ಇಡೀ ಯಂತ್ರವೇ ಕೆಟ್ಟು ಕೂರುತ್ತಿತ್ತು.

ಅಷ್ಟರಲ್ಲಿ ಗೌಡರು ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. ಸ್ಪೀಕರಿನಲ್ಲಿ ಚಂದ್ರನ್ ಮಲಯಾಳದಲ್ಲಿ ಗುಡುಗುತ್ತಿದ್ದರು: ಏನಾಯಿತು, ಯಾರ ತಪ್ಪು? ಬಟ್ಟೆ ಗೀತಾಂಜಲಿಯ ಅಂಗೈಯಲ್ಲೇ ಇತ್ತು. ಮನೆಯವರು ತುರುಕಿದ್ದು ಎಂದರೆ ಮುಗಿಯಿತು, ಸುಳ್ಳೂ ಅಲ್ಲ. ಅಮ್ಮ ತಲೆ ತಗ್ಗಿಸಿ ನಿಂತಿದ್ದರು.

"ಪೈಪಿನ ಬಾಯಿ ನಾನೇ ತೆರೆದು ಬಿಟ್ಟಿದ್ದೆ, ಚಂದ್ರೇಟ್ಟಾ," ಎಂದಳು. "ಅದರಿಂದ್ಲೇ ಇಷ್ಟೆಲ್ಲ ಆಗಿದ್ದು."

"ಶರಿ. ನಾಳೆ ಕೌಂಟರಿಗೆ ಬಾ," ಎಂದರು ಚಂದ್ರನ್. ಫೋನ್ ಕಟ್ಟಾಯಿತು.

ಗೀತಾಂಜಲಿ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತಳು. ಹೋದರೆ ಹೋಯಿತು, ಇದೊಂದನ್ನು ಮುಗಿಸಿಯೇ ಹೋಗುವುದು. ಪೈಪಿನೊಳಗೆ ಗಾಳಿ ಊದಿದಳು, ನಟ್ಟು ಬಿಗಿದಳು, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು, ಒಳಗಿನ ಗಾಳಿ ಎಳೆಯುವ ಪಂಪು ಹಾಕಿದಳು. ಪಂಪಿಗೆ ಅವಸರವಿಲ್ಲ. ಅದು ಗುಂಯ್ ಎನ್ನುತ್ತಿದ್ದಷ್ಟು ಹೊತ್ತೂ ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆದಳು. ಮಬ್ಬು ಕವಿದಾಗ ಯಾರೋ ಒತ್ತಡ ತೋರಿಸುವ ಗೇಜಿಗೆ ಟಾರ್ಚು ಹಿಡಿದರು. ತಿರುಗಿ ನೋಡಿದರೆ ಅಮ್ಮ. ಸೂರ್ಯ ಮೆಣಸಿನ ಬಳ್ಳಿಗಳ ಹಿಂದೆ ಆಗಲೇ ಮುಳುಗಿದ್ದ.

ಕೊನೆಗೆ ಗ್ಯಾಸು ಬಿಟ್ಟು ಸ್ವಿಚ್ಚು ಹಾಕಿದಾಗ ಗೌಡರೇ ಸ್ಟೂಲು ಹತ್ತಿ ಕೈ ಒಡ್ಡಿದರು. "ಅಬ್ಬಾ! ಐಸು ಕಣೇ ಲೀಲಾ!" ಎಂದು ಚಿಕ್ಕ ಮಕ್ಕಳ ಹಾಗೆ ಕೂಗಿದರು. ಸ್ಟೂಲಿನ ಮೇಲಿಂದಲೇ ಫೋನ್ ತೆಗೆದರು. "ಚಂದ್ರಾ, ಮೇಲಿನ ಕೋಣೆಗೂ ಒಂದು ಬೇಕು. ಹಾಕೋಕೆ ಇದೇ ಹುಡುಗಿ ಬರ್ಬೇಕು. ತಪ್ಪನ್ನ ತನ್ನ ಬಾಯಲ್ಲೇ ಹೇಳೋಳು ಇವಳೊಬ್ಬಳೇ ಸಿಕ್ಕಿದ್ದು ನನಗೆ. ಅವಳನ್ನ ಕೌಂಟರಲ್ಲಿ ಕೂರಿಸ್ತೀಯಾದ್ರೆ ಏಸಿನೂ ನೀನೇ ಇಟ್ಕೋ."

ಲೀಲಾವತಿಯಮ್ಮ ಅವಳನ್ನು ಅಡಿಗೆಮನೆಗೆ ಕರೆದೊಯ್ದು ಬಡಿಸಿದರು. ಮುಚ್ಚಿಟ್ಟಿದ್ದ ತಟ್ಟೆ ಅದು. ತುತ್ತು ಎತ್ತಿದ ಮೇಲೆ ಗೀತಾಂಜಲಿಗೆ ಹೊಳೆಯಿತು.

"ಅಮ್ಮಾ, ನೀವು ಉಣ್ಣಲೇ ಇಲ್ಲ! ಇನ್ನು ಬೆಳಿಗ್ಗೇನೇ ಅಲ್ವಾ?"

"ಒಂದು ಹೊತ್ತು ಬಿಟ್ರೆ ಸಾಯ್ತೀನಾ?" ಎಂದರು ಅಮ್ಮ, ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಾ. "ಹುಳ ಸಾಯ್ಬಾರ್ದು ಅಂತ ಹೋಗಿ ನಿನ್ನ ಕೆಲಸಾನೇ ಕೊಲ್ತಿದ್ದೆನಲ್ಲ ಮೋಳೇ. ನನಗೆ ಅನ್ನ ಇಳೀತಿತ್ತಾ?"