ಗೇಟಿನ ಮೇಲಿನ ಮುಖಗಳು

ನಾನು ಹೊಲಿಗೆಯವಳು. ಪ್ಲೊವ್ಡಿವ್ ರೈಲು ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಊರವರ ಬಟ್ಟೆ ಬಿಚ್ಚಿ ಹೊಲಿಯುತ್ತಿದ್ದೇನೆ. ಎಂಥ ದುಬಾರಿ ಕೋಟು ತಂದು ಮುಂದಿಟ್ಟರೂ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡದೆ ಚೆನ್ನಾಗಿದೆ ಅಂದವಳಲ್ಲ. ಅಂಥವಳು ಹೆತ್ತ ತಾಯಿಯ ವಿಷಯದಲ್ಲಿ ಮಾತ್ರ ಹೊರಗಿನ ಬಣ್ಣ ನೋಡಿ ಮೋಸ ಹೋದೆ. ಇದನ್ನು ಬೇರೆಯವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ, ನಾನೇ ಹೇಳಿಬಿಡುತ್ತೇನೆ.

ನವೆಂಬರಿನಲ್ಲಿ ಅಮ್ಮ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ವಯಸ್ಸು ಎಂಬತ್ನಾಲ್ಕು, ಹೆಸರು ವೆಲಿಕಾ, ನಾಲಿಗೆ ಮಾತ್ರ ಇಪ್ಪತ್ತರ ಹುಡುಗಿಯದು. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿ. ನಾನು ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ತಮ್ಮ ಲ್ಯುಬೆನ್ ಬುರ್ಗಾಸ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಅವನಿಂದ ಬರುವುದು ಬರೀ ಫೋನಿನಲ್ಲಿ ಸಲಹೆ. ವೃದ್ಧಾಶ್ರಮದ ಮಾತನ್ನು ಕೊನೆಗೆ ಎತ್ತಿದವಳು ಅಮ್ಮನೇ.

"ಎಲ್ಲಿಗಾದ್ರೂ ಹಾಕು ನೆವೆನಾ, ಕುರಿದೊಡ್ಡೀಲಾದ್ರೂ ಹಾಕು. ಬತ್ತಿ ಇಲ್ದೆ ಮಾತ್ರ ಸಾಯೋಕೆ ಬಿಡ್ಬೇಡ ನನ್ನ."

ನಮ್ಮಲ್ಲಿ ಹೆಂಗಸರು ಜಗಳದಲ್ಲಿ ಹಾಕುವ ಕಡೆಯ ಶಾಪ ಅದು: 'ಬತ್ತಿ ಇಲ್ಲದೆ ಸಾಯಿ.' ಪ್ರಾಣ ಹೋಗುವ ಹೊತ್ತಿಗೆ ಯಾರಾದರೂ ಪಕ್ಕದಲ್ಲಿ ಕೂತು, ಉರಿಯುವ ಮೇಣದ ಬತ್ತಿಯನ್ನು ಕೈಗೆ ಹಿಡಿಸಬೇಕು. ಇಲ್ಲದಿದ್ದರೆ ಜೀವ ಕತ್ತಲಲ್ಲಿ ದಾರಿ ತಡಕಾಡುತ್ತದೆ. ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ, ಗಾಲಿಮಂಚದ ಮೇಲೆ, ಯಾರೂ ನೋಡದಾಗ ಹೋಗಿಬಿಟ್ಟ. ಇಪ್ಪತ್ತೆರಡು ವರ್ಷ ಅಮ್ಮ ಅದನ್ನೇ ಕೊರಗಿದಳು. ತನ್ನ ಬತ್ತಿಯನ್ನು, ಈಸ್ಟರಿನಲ್ಲಿ ಚರ್ಚಿನಿಂದ ತಂದ ಹಳದಿ ಜೇನುಮೇಣದ್ದನ್ನು, ಬೆಂಕಿಪೊಟ್ಟಣದ ಜೊತೆ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು.

ಅಮ್ಮ ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಎರಡು ಆಶ್ರಮ ನೋಡಿದೆವು. ತಿಂಗಳ ಹಣ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ನಾನು ಪಟ್ಟಿ ಬರೆದುಕೊಂಡಿದ್ದೆ: ಲಿಫ್ಟ್, ವೈದ್ಯರು, ವಾಸನೆ, ಊಟ, ಹಾಸಿಗೆ ಬಟ್ಟೆ.

ಮೊದಲನೆಯದು ಹೊಳೆಯಾಚೆ, ಕರ್ಶಿಯಾಕದಲ್ಲಿ. ಟ್ಯಾಕ್ಸಿ ನಿಂತ ಕೂಡಲೇ ನನ್ನ ಕಣ್ಣು ಹೋದದ್ದು ಗೇಟಿನ ಮೇಲೆ. ಹಸಿರು ಕಬ್ಬಿಣದ ಗೇಟು, ಅದರ ತುಂಬ ಸಾವಿನ ಕಾಗದ. ಒಂದೊಂದರಲ್ಲೂ ಒಂದು ಫೋಟೋ, ಕೆಳಗೆ ಹೆಸರು. ನಮ್ಮೂರಿನಲ್ಲಿ ಕಂಬಕ್ಕೆ, ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಇಂಥ ಕಾಗದ ಅಂಟಿಸುವುದು ಹೊಸದೇನಲ್ಲ. ಅಪ್ಪನದನ್ನು ಪ್ರತಿ ಫೆಬ್ರವರಿಯಲ್ಲಿ, ಅವನು ಹೋದ ದಿನ, ನಮ್ಮ ಕಟ್ಟಡದ ಬಾಗಿಲಿಗೆ ನಾನೇ ಅಂಟಿಸುತ್ತೇನೆ. ಆದರೂ ಅವತ್ತು ಗೇಟಿನ ಮುಂದೆಯೇ ನಿಂತುಬಿಟ್ಟೆ. ಕನ್ನಡಕ ಚೀಲದೊಳಗಿತ್ತು. ತೆಗೆಯಲಿಲ್ಲ. ಬರೀ ಮುಖಗಳನ್ನು ಎಣಿಸಿದೆ, ಏಳು.

ಒಳಗೆ ಹುರುಳಿಕಾಯಿ ಬೀಜದ ಸಾರಿನ ಮೇಲೆ ಪುದೀನದ ವಾಸನೆ. ಲಿಫ್ಟ್ ಇರಲಿಲ್ಲ, ಆದರೆ ಇದ್ದದ್ದೇ ಎರಡು ಮಹಡಿ. ನಾನು ಹಾಸಿಗೆಯ ಚಾದರ ಎತ್ತಿ ನೋಡಿದೆ: ಹರಿದಲ್ಲಿ ದಾರ ನೇಯ್ದು ನಾಲ್ಕು ಕಡೆ ರಫೂ ಮಾಡಿದ್ದರು. ಹೊಸದು ಕೊಳ್ಳಲು ಗತಿಯಿಲ್ಲದವರು ಅಂದುಕೊಂಡೆ. ಆ ರಫೂ ಎಷ್ಟು ಸಣ್ಣಗಿತ್ತೆಂದರೆ ನನ್ನ ಅಂಗಡಿಯಲ್ಲೂ ಅಂಥದ್ದು ಆಗುವುದಿಲ್ಲ. ಅದು ಆಗ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಲ್ಲಿ ಊರುಗೋಲು ಗೋಡೆಗೊರಗಿಸಿ, ಗಿನಾ ಎಂಬ ಮುದುಕಿಯ ಜೊತೆ ಕಾಫಿ ಕುಡಿಯುತ್ತ ಕೂತಿದ್ದಳು. ನೆಲ ಒರೆಸುತ್ತಿದ್ದ ತೋತಾ ಎಂಬ ದಪ್ಪನೆಯ ಹೆಂಗಸೇ ಅಲ್ಲಿನ ಯಜಮಾನಿತಿಯೂ ಹೌದು, ಆಳೂ ಹೌದು. ಅಮ್ಮ ಅವಳನ್ನು ನೇರವಾಗಿ ಕೇಳಿದಳು.

"ಇಲ್ಲಿ ಸಾಯೋರಿಗೆ ಬತ್ತಿ ಹಚ್ತೀರಾ?"

ತೋತಾ ಕೈ ಒರೆಸಿಕೊಂಡು, ದೇವರ ಪಟದ ಕೆಳಗಿನ ಡ್ರಾಯರ್ ಎಳೆದು ತೋರಿಸಿದಳು. ಒಂದು ಕಟ್ಟು ಬತ್ತಿ ಇತ್ತು.

"ಯಾರನ್ನೂ ಒಬ್ಬರನ್ನೇ ಕಳ್ಸಲ್ಲ ಅಜ್ಜಿ. ಸರದಿ ಮೇಲೆ ಕೂತ್ಕೋತೀವಿ. ಈ ಗಿನಜ್ಜಿ ಸರದಿ ಬಂದಾಗ ಮಾತ್ರ ಸ್ವಲ್ಪ ಕಷ್ಟ, ಪಕ್ಕದಲ್ಲೇ ಗೊರಕೆ ಹೊಡೀತಾಳೆ."

"ಗೊರಕೆ ಹೊಡೆದ್ರೂ ಕೈ ಬಿಡಲ್ಲ ಕಣೆ ನಾನು," ಅಂದಳು ಗಿನಾ.

ಅಮ್ಮ ನಕ್ಕುಬಿಟ್ಟಳು. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ನಾನು ಇಲ್ಲೇ ಇರ್ತೀನಿ," ಅಂದಳು.

ನಾನು ಟ್ಯಾಕ್ಸಿ ಹತ್ತಿದ ಮೇಲೆ ಬಾಯಿ ಬಿಟ್ಟೆ. "ಗೇಟ್ ನೋಡಿದ್ಯೇನಮ್ಮಾ? ಏಳು ಜನ! ಆಶ್ರಮ ಅಲ್ಲ ಅದು, ಸ್ಮಶಾನದ ಬಾಗಿಲು. ಏನು ನೋಡ್ಕೋತಾರೋ ದೇವರಿಗೇ ಗೊತ್ತು."

"ಸಾಯದೇ ಇರೋ ಮುದುಕರು ಎಲ್ಲಿದ್ದಾರೆ ಹೇಳು, ಅಲ್ಲಿಗೇ ಹೋಗೋಣ."

ಅಂಥ ಜಾಗವನ್ನೇ ನಾನು ಹುಡುಕಿದೆ. ಎರಡನೆಯದು ಊರಿನ ಪೂರ್ವಕ್ಕೆ, ಹೊಸ ಬಿಳಿ ಕಟ್ಟಡ. ಗಾಜಿನ ಬಾಗಿಲು, ಲಿಫ್ಟ್, ಪ್ರತಿ ಮಂಚಕ್ಕೂ ಕರೆಯುವ ಗುಂಡಿ, ವಾರಕ್ಕೆ ಎರಡು ಸಲ ವೈದ್ಯರು. ಚಾದರಗಳು ಅಂಗಡಿಯಿಂದ ಈಗ ತಂದ ಹಾಗಿದ್ದವು. ಗೇಟು ತೊಳೆದಿಟ್ಟಂತೆ ಫಳಫಳ, ಒಂದೇ ಒಂದು ಕಾಗದ ಇಲ್ಲ. ಅಲ್ಲಿನ ನಿರ್ದೇಶಕಿ ಕಾಮೆನೋವಾ ಎಂಬವಳು, ತೆಳ್ಳಗೆ, ಮೆತ್ತಗೆ ಮಾತಾಡುವವಳು.

"ಇಲ್ಲಿ... ತೀರ್ಕೊಳ್ಳೋರು ಜಾಸ್ತಿನಾ?" ಎಂದು ಕೇಳಿದೆ.

"ನಮ್ಮಲ್ಲಿ ಅಂಥದ್ದೆಲ್ಲ ಕಣ್ಣಿಗೆ ಬೀಳಲ್ಲ ಮೇಡಂ."

ಅವಳು ಸತ್ಯವನ್ನೇ ಹೇಳಿದ್ದಳು. ನಾನು ಬೇಕಾದ ಹಾಗೆ ಕೇಳಿಸಿಕೊಂಡೆ. ಬತ್ತಿಯ ಮಾತೆತ್ತಿದ್ದಕ್ಕೆ, ಬೆಂಕಿ ಹಚ್ಚುವುದು ನಿಯಮಕ್ಕೆ ವಿರುದ್ಧ, ಆದರೆ ಸಮಯ ಬಂದಾಗ ಮನೆಯವರಿಗೆ ಮೊದಲೇ ಫೋನ್ ಮಾಡುತ್ತೇವೆ, ನೀವು ಬಂದರೆ ಹೇಗೋ ಮಾಡೋಣ ಅಂದಳು. ಅಮ್ಮ ನನ್ನ ತೋಳು ಹಿಡಿದೆಳೆದಳು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ. ಆ ತೋತಾನ ಹತ್ರಾನೇ ಹೋಗೋಣ."

"ನಿನಗೆ ಗೊತ್ತಾಗಲ್ಲ, ಸುಮ್ನಿರಮ್ಮ."

ಹೌದು, ಹಾಗೇ ಅಂದೆ. ಲ್ಯುಬೆನ್‌ಗೆ ಫೋನ್ ಮಾಡಿದರೆ ಅವನು "ಲಿಫ್ಟ್ ಇದೆ ತಾನೆ? ಮತ್ತಿನ್ನೇನಕ್ಕಾ" ಅಂದ. ಜನವರಿ ಮೊದಲ ವಾರದಲ್ಲಿ ಅಮ್ಮನನ್ನು ಅಲ್ಲಿ ಬಿಟ್ಟುಬಂದೆ. ಸೇರಿದ ದಿನವೇ ಅವಳ ಬೆಂಕಿಪೊಟ್ಟಣ ತೆಗೆದಿಟ್ಟುಕೊಂಡರು. ಬತ್ತಿಯನ್ನು ಅವಳಿಗೇ ಬಿಟ್ಟರು.

ಪ್ರತಿ ಭಾನುವಾರ ಹೋಗುತ್ತಿದ್ದೆ. ಅಮ್ಮ ಶುಭ್ರವಾಗಿರುತ್ತಿದ್ದಳು. ಮಾತು ಮಾತ್ರ ವಾರದಿಂದ ವಾರಕ್ಕೆ ಕಮ್ಮಿಯಾಯಿತು. ಏಪ್ರಿಲ್‌ನಲ್ಲಿ ಒಂದು ದಿನ ಪಿಸುಗುಟ್ಟಿದಳು.

"ಪಕ್ಕದ ಮಂಚದವಳು ಗುರುವಾರ ಊಟಕ್ಕೆ ಬರ್ಲಿಲ್ಲ. ಕೇಳಿದ್ರೆ ಬೇರೆ ಕಡೆ ಹೋದ್ರು ಅಂತಾರೆ. ಸಂಜೆಗೆ ಇನ್ನೊಬ್ಬಳು ಬಂದು ಮಲಗಿದ್ಲು. ನಾನು ಬಂದ್ಮೇಲೆ ಇವಳು ನಾಲ್ಕನೆಯವಳು."

"ಹೋದವಳ ಹೆಸರೇನು?"

"ಗೊತ್ತಿಲ್ಲ. ಕಿವಿ ಕೇಳಿಸ್ತಿರ್ಲಿಲ್ಲ ಪಾಪ ಅವಳಿಗೆ. ಗೇಟಿಗೊಂದು ಕಾಗದ ಅಂಟಿಸಿದ್ರೆ ಓದಿ ತಿಳ್ಕೋತಿದ್ದೆ." ಆಮೇಲೆ ನನ್ನ ಮುಖವನ್ನೇ ನೋಡಿದಳು. "ಹಿಂಭಾಗದ ಬಾಗಿಲಲ್ಲಿ ಸಾಗಿಸ್ತಾರೆ ಕಣೆ ನೆವೆನಾ. ನನ್ನ ಕರ್ಕೊಂಡು ಹೋಗು."

ಮರುದಿನವೇ ತೋತಾಗೆ ಫೋನ್ ಮಾಡಿದೆ. ಯಾವಾಗ ಬೇಕಾದರೂ ಕರೆದುಕೊಂಡು ಬಾ ಅಂದಳು. ಆಗ ನನ್ನ ಅಂಗಡಿಯಲ್ಲಿ ಶಾಲೆ ಮುಗಿಸುವ ಹುಡುಗಿಯರ ಬೀಳ್ಕೊಡುಗೆಯ ಉಡುಪುಗಳು ರಾಶಿ ಬಿದ್ದಿದ್ದವು. ವರ್ಷದಲ್ಲಿ ನಮಗೆ ಉಸಿರಾಡಲು ಬಿಡದ ತಿಂಗಳದು. ಮೇ ಕೊನೆಗೆ ಒಂದು ದಿನ ರಜೆ ಹಾಕಿ ಸಾಗಿಸೋಣ ಎಂದು ಅಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ಬೈಯಲಿಲ್ಲ. ಬೈದಿದ್ದರೆ ಅವತ್ತೇ ಕರೆದೊಯ್ಯುತ್ತಿದ್ದೆನೋ ಏನೋ.

ಮೇ ಇಪ್ಪತ್ತು, ಮಂಗಳವಾರ, ಸಂಜೆ ಐದು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಒಬ್ಬಳು ಹುಡುಗಿಯ ಗೌನಿನ ಅಂಚು ಮಡಚುತ್ತಿದ್ದೆ. ಫೋನ್ ಬಂತು. ಅಮ್ಮ ತೀರಿಕೊಂಡರು ಎಂದು ಕಾಮೆನೋವಾ ಅದೇ ಮೆತ್ತನೆ ದನಿಯಲ್ಲಿ ಹೇಳಿದಳು.

ನಾನು ಮುಟ್ಟುವಷ್ಟರಲ್ಲಿ ಅಮ್ಮ ಅಲ್ಲಿರಲಿಲ್ಲ. ಮಂಚಕ್ಕೆ ಹೊಸ ಚಾದರ ಬಿದ್ದಿತ್ತು.

"ಯಾರಿದ್ರು ಹತ್ರ?" ಎಂದು ಕಾಮೆನೋವಾಳನ್ನು ಕೇಳಿದೆ.

"ಮಧ್ಯಾಹ್ನ ಎಲ್ಲರೂ ಮಲಗಿರ್ತಾರಲ್ಲ. ನಾಲ್ಕಕ್ಕೆ ಟೀ ಕೊಡೋಕೆ ಹೋದಾಗ ಗೊತ್ತಾಯ್ತು."

"ಮೊದಲೇ ಫೋನ್ ಮಾಡ್ತೀವಿ ಅಂದಿದ್ರಲ್ಲ!"

"ಇಂಥದ್ದೆಲ್ಲ ಹೇಳಿ ಕೇಳಿ ಬರುತ್ತಾ ಮೇಡಂ?" ಎಂದು ಒಂದು ಕವರ್ ನನ್ನ ಕೈಗಿಟ್ಟಳು. "ಇದನ್ನ ಹಿಡ್ಕೊಂಡಿದ್ರು. ಬೆರಳಿಂದ ಬಿಡ್ಸೋಕೆ ಸ್ವಲ್ಪ ಕಷ್ಟ ಆಯ್ತು."

ಕವರಿನಲ್ಲಿ ಬತ್ತಿ ಇತ್ತು. ಹಿಡಿತದ ಶಾಖಕ್ಕೆ ಮೆತ್ತಗಾಗಿ ನಡುವೆ ಬಾಗಿತ್ತು, ಮೇಣದಲ್ಲಿ ಅವಳ ನಾಲ್ಕು ಬೆರಳು ಮೂಡಿದ್ದವು. ತುದಿಯ ದಾರ ಬೆಳ್ಳಗೇ ಇತ್ತು. ತನ್ನ ಹೊತ್ತು ಬಂತೆಂದು ಅಮ್ಮನಿಗೆ ಗೊತ್ತಾಗಿದೆ, ಕರವಸ್ತ್ರ ಬಿಚ್ಚಿ ಅದನ್ನು ತೆಗೆದುಕೊಂಡಿದ್ದಾಳೆ, ಹಚ್ಚುವುದಕ್ಕೆ ಕಡ್ಡಿ ಇಲ್ಲ, ಮನುಷ್ಯರಿಲ್ಲ. ನಾನು ಆ ಕಾರಿಡಾರಿನಲ್ಲೇ ಕುಸಿದು ಕೂತು ಅತ್ತೆ. ಯಾರೋ ಬಂದು, ಉಳಿದವರಿಗೆ ತೊಂದರೆಯಾಗುತ್ತದೆ ಎಂದು ಎಬ್ಬಿಸಿದರು.

ಮಣ್ಣಾದ ಮರುದಿನ ಅಮ್ಮನ ಕಾಗದವನ್ನು ಆ ಬಿಳಿ ಗೇಟಿಗೆ ಅಂಟಿಸಿದೆ. ಎದುರಿನ ನಿಲ್ದಾಣದಲ್ಲಿ ನಾನಿನ್ನೂ ಬಸ್ಸಿಗೆ ಕಾಯುತ್ತಿದ್ದೆ, ಕಾವಲಿನವನು ಬಂದು ಕಿತ್ತ. ಓಡಿ ಹೋದೆ.

"ನಮ್ಮಮ್ಮನ ಮುಖ ಅಂದ್ರೆ ಗಲೀಜೇನಯ್ಯಾ ನಿಮಗೆ? ಐದು ತಿಂಗಳು ಇಲ್ಲೇ ಇದ್ಲಲ್ಲ!"

"ನನ್ನ ಮೇಲೆ ಕೂಗಾಡ್ಬೇಡಿ ಅಕ್ಕಾ. ವಾರಕ್ಕೊಂದು ಕೀಳ್ತೀನಿ ನಾನು," ಅಂದ.

ನಲವತ್ತನೇ ದಿನ ಗೋಧಿ ಬೇಯಿಸಿ, ಸಕ್ಕರೆ ಕಲಸಿ, ಸಮಾಧಿಗೆ ಹೋಗಿ ಹಂಚಿದೆ. ಉಳಿದದ್ದನ್ನು ಹಿಡಿದುಕೊಂಡು ಕಾಲು ಕರೆದೊಯ್ದ ಕಡೆ ನಡೆದರೆ ಕರ್ಶಿಯಾಕದ ಹಸಿರು ಗೇಟಿನ ಮುಂದೆ ನಿಂತಿದ್ದೆ. ಈ ಸಲ ಕನ್ನಡಕ ಹಾಕಿಕೊಂಡೆ.

ಏಳು ಕಾಗದ, ಮೂರೇ ಜನ. ಸೊಫ್ರಾನ್ ಎಂಬ ಒಬ್ಬ ಮುದುಕನದೇ ಮೂರಿದ್ದವು: ನಲವತ್ತು ದಿನದ್ದು, ವರ್ಷದ್ದು, ಆರು ವರ್ಷದ್ದು. ಬಿಸಿಲಿಗೆ ಫೋಟೋ ಅಳಿಸಿದ್ದಲ್ಲಿ ಯಾರೋ ಪೆನ್ನಿನಿಂದ ಹುಬ್ಬು ತಿದ್ದಿದ್ದರು. ಏಳರ ಕೆಳಗೂ ಒಂದೇ ಸಾಲು: 'ಮರೆತಿಲ್ಲ. ಈ ಮನೆಯವರೆಲ್ಲ.' ನಾನು ಸತ್ತವರನ್ನು ಎಣಿಸಿದ್ದೆ, ಗೇಟಿನಲ್ಲಿದ್ದದ್ದು ಅವರನ್ನು ಬಿಡದವರ ಲೆಕ್ಕ. ವರ್ಷ ವರ್ಷ ಅಪ್ಪನ ಕಾಗದ ಅಂಟಿಸುವವಳಿಗೆ ಇದು ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು.

ತೋತಾ ಬಕೆಟ್ ಹಿಡಿದು ಹೊರಗೆ ಬಂದಳು. ನನ್ನ ಗುರುತು ಹಿಡಿದಳು.

"ಬತ್ತಿ ಕೇಳಿದ ಅಜ್ಜಿ ಮಗಳಲ್ವಾ? ಕಿಟಕಿ ಪಕ್ಕದ ಮಂಚ ಖಾಲಿ ಇಟ್ಕೊಂಡಿದ್ದೆ ಮೇ ಪೂರ್ತಿ. ಬರ್ಲೇ ಇಲ್ಲ."

ನಾನು ಚೀಲದಿಂದ ಅಮ್ಮನ ನಲವತ್ತು ದಿನದ ಕಾಗದ ತೆಗೆದು ತೋರಿಸಿದೆ. ಅವಳು ಬಕೆಟ್ ಕೆಳಗಿಟ್ಟಳು.

"ಹೋಗೋವಾಗ ಒಬ್ಬರೇನಾ?"

"ಒಬ್ಬಳೇ."

ತೋತಾ ಶಿಲುಬೆಯ ಗುರುತು ಮಾಡಿಕೊಂಡಳು.

"ಇಲ್ಲಿ ಅಂಟಿಸ್ಲಾ? ಇಲ್ಲಿದ್ದದ್ದು ಅರ್ಧ ಗಂಟೆ ಅಷ್ಟೇ ಅವಳು."

"ಇಲ್ಲೇ ಇರ್ತೀನಿ ಅಂದಿದ್ರಲ್ಲ. ಅಂಟಿಸು."

ಗಿನಾ ಗೋಡೆ ಹಿಡಿದುಕೊಂಡು ಬಂದು ಗೋಧಿ ಬಾಯಿಗೆ ಹಾಕಿಕೊಂಡಳು, ಅಮ್ಮನ ಹೆಸರು ಹೇಳಿದಳು. ಒಳಗೆ ದೇವರ ಪಟದ ಮುಂದೆ, ನನ್ನ ಚೀಲದಲ್ಲೇ ಇದ್ದ ಅಮ್ಮನ ಆ ಬತ್ತಿ ಹಚ್ಚಿದೆವು. ನಲವತ್ತು ದಿನ ಜೀವ ಇಲ್ಲೇ ಸುತ್ತಾಡುತ್ತದೆ, ಆಮೇಲೆ ಹೊರಟುಹೋಗುತ್ತದೆ ಅಂತಾರೆ. ಅವತ್ತು ಮಧ್ಯಾಹ್ನ ಮೂರು ಗಂಟೆಯಾಗಿತ್ತು, ಅವಳು ಅಷ್ಟು ಹೊತ್ತಿಗೆ ಹೊರಟಿದ್ದಳೋ ಇಲ್ಲವೋ ಯಾರಿಗೆ ಗೊತ್ತು. ಬಾಗಿದ ಬತ್ತಿ ಮರಳಿನ ತಟ್ಟೆಯಲ್ಲಿ ನಿಲ್ಲಲಿಲ್ಲ, ಎಷ್ಟು ಸಲ ಚುಚ್ಚಿದರೂ ವಾಲಿ ಬಿತ್ತು. ಕೊನೆಗೆ ಅಮ್ಮನ ಬೆರಳ ಗುರುತಿನ ಮೇಲೆ ನನ್ನ ಬೆರಳಿಟ್ಟು, ಅದು ಉರಿದು ಮುಗಿಯುವ ತನಕ ನಾನೇ ಹಿಡಿದು ನಿಂತೆ.