ಉಡಚಪ್ಪ ಇಲ್ಲದಾಗ ಕೆರೆ ಕಾಯುವವರು ಯಾರು?

ದುಂಡವ್ವನ ಮನೆಯಲ್ಲಿ ಪೊಲೀಸರಿಗೆ ಪುರಸೊತ್ತೇ ಇರಲಿಲ್ಲ. ಐದು ವರ್ಷದ ಮಗಳು ಫಕೀರವ್ವ ರೊಟ್ಟಿ ತಿನ್ನದಿದ್ದರೆ ಪೊಲೀಸ ಬರುತ್ತಿದ್ದ. ಹೊತ್ತಿಗೆ ಸರಿಯಾಗಿ ಮಲಗದಿದ್ದರೆ ಪೊಲೀಸ ಬರುತ್ತಿದ್ದ. ತಲೆ ಬಾಚುವಾಗ ಚೀರಿದರೂ ಅವನೇ. ಮೊರಬದ ಆಚೆಗಿನ ಆ ಸಣ್ಣ ಊರಿಗೆ ನಿಜವಾದ ಪೊಲೀಸ ಬಂದದ್ದನ್ನು ದುಂಡವ್ವನೇ ಸರಿಯಾಗಿ ನೋಡಿರಲಿಲ್ಲ. ಆದರೆ ಅತ್ತೆ ಬಸವಣ್ಣೆವ್ವ ಕರೆದಾಗಲೆಲ್ಲ ಅವನು ಬಾಗಿಲಲ್ಲಿ ಹಾಜರು.

"ಉಣ್ತೀಯೋ ಇಲ್ಲೋ? ಕಾಕಿ ಅಂಗಿಯಾಂವ ಬಂದಾ ನೋಡು! ಚೀಲದಾಗ ಹಾಕ್ಕೊಂಡು ಒಯ್ತಾನ!"

ಹುಡುಗಿ ಗಬಗಬನೆ ತಿನ್ನುತ್ತಿದ್ದಳು. ಆದರೆ ಅಂಜಿಕೆ ಊಟದ ಗಂಗಾಳದ ಹತ್ತಿರವೇ ನಿಲ್ಲಲಿಲ್ಲ. ಟಪಾಲಿನವನು ಬಂದರೆ ಫಕೀರವ್ವ ಕೌದಿಯ ಗಂಟಿನ ಹಿಂದೆ. ಅಣ್ಣಿಗೇರಿ ಸಂತೆಗೆ ಹೊರಟ ದಿನ ಬಸ್ಸಿನ ಕಂಡಕ್ಟರನ ಕಾಕಿ ಅಂಗಿ ನೋಡಿ ಎಂಥಾ ಬೊಬ್ಬೆ ಹೊಡೆದಳೆಂದರೆ ತಾಯಿ ಮಗಳು ಬಸ್ಸಿಳಿದು ಮನೆಗೆ ಬರಬೇಕಾಯಿತು. ದುಂಡವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಊರಿನಲ್ಲಿ ಇನ್ನೊಂದು ಕಾಕಿ ಅಂಗಿ ಇತ್ತು. ಅದು ಕೆರೆ ಕಾಯುವ ಉಡಚಪ್ಪನದು. ಎರೆ ಸೀಮೆಯ ಬಾವಿ ನೀರು ಬಾಯಿಗೆ ಹಾಕಿದರೆ ಸವಳು, ಬರೀ ಉಪ್ಪು. ಊರಿಗೆಲ್ಲ ಕುಡಿಯಲು ಆ ಕೆರೆಯೊಂದೇ. ಅದಕ್ಕೇ ಪಂಚಾಯಿತಿ ಕಾಯಿದೆ ಮಾಡಿತ್ತು: ಕೆರೆಯಲ್ಲಿ ದನ ಇಳಿಸಬಾರದು, ಬಟ್ಟೆ ಒಗೆಯಬಾರದು, ಯಾರೂ ನೀರಿಗೆ ಕಾಲಿಡಬಾರದು. ಒಣ ಮೆಟ್ಟಿಲ ಮೇಲೆ ನಿಂತು ಹಗ್ಗ ಕಟ್ಟಿದ ಕೊಡದಿಂದ ನೀರು ಸೇದಿಕೊಳ್ಳಬೇಕು.

ಉಡಚಪ್ಪ ಬರುವುದು ಹೊತ್ತು ಏರಿದ ಮೇಲೆ. ಬಸವಣ್ಣೆವ್ವ ಹೋಗುವುದು ಅದಕ್ಕೂ ಮೊದಲು. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಒಳಗಿನ ತಿಳಿನೀರು ತುಂಬಿಕೊಂಡು, ಹೋದ ಹಾಗೆಯೇ ಕಾಲೂ ತೊಳೆದುಕೊಂಡು ಬರುತ್ತಿದ್ದಳು.

"ಯವ್ವಾ, ಆಯಿ ನೀರಾಗ ಇಳದಾಳ!" ಎಂದಳು ಒಂದು ದಿನ ಫಕೀರವ್ವ.

"ಸುಮ್ಮನಿರಬೇ, ಉಡಚಪ್ಪ ಇಲ್ಲ," ಎಂದಳು ಬಸವಣ್ಣೆವ್ವ.

"ಉಡಚಪ್ಪ ಇಲ್ಲಂದ್ರ ಇಳೀಬೌದಾ?"

ಹೌದು ಅಂದರೆ ತಪ್ಪು, ಇಲ್ಲ ಅಂದರೆ ಅತ್ತೆಗೆ ಸಿಟ್ಟು. ದುಂಡವ್ವ ಕೊಡ ಎತ್ತಿ ಮನೆಯ ದಾರಿ ಹಿಡಿದಳು.

ಅವತ್ತೇ ಬಾಲವಾಡಿಯ ಶಿಕ್ಷಕಿ ಮಲಿಕಾಬಿ ಮನೆಗೆ ಬಂದಳು. ಫಕೀರವ್ವ ದಿನಾ ಹೋಗುತ್ತಿದ್ದದ್ದು ಅವಳ ಬಾಲವಾಡಿಗೇ.

"ದುಂಡವ್ವಾ, ಕೂಸಿಗೆ ಪೊಲೀಸರ ಅಂಜಿಕಿ ಹಾಕಬ್ಯಾಡ್ರಿ. ನಾಳೆ ಜಾತ್ರಿಯೊಳಗ ತಪ್ಪಿಸಿಕೊಂಡ್ಲು ಅಂದ್ರ, ಮನೀಗೆ ಮುಟ್ಟಿಸೋರು ಅವರ. ಅವರನ್ನ ಕಂಡ ಓಡಿದ್ರ ಹೆಂಗ?"

"ಅಂಜಿಕಿ ಇಲ್ಲದ ಕೂಸು ಮೂಗುದಾಣ ಇಲ್ಲದ ಎತ್ತು ಇದ್ದಂಗ," ಎಂದಳು ಬಸವಣ್ಣೆವ್ವ. "ನೀ ಏನ ಕಲಸ್ತೀ ತಗೋ! ಮುಂಜಾನೆದ್ದು ಹಾಜರಿ ಕೂಗೂದು. ಅದೂ ಒಂದು ವಿದ್ಯೇನ?"

ಮಲಿಕಾಬಿ ನಕ್ಕಳು. "ಹೌದ್ರಿ ಆಯಿ, ಅದ ನಮ್ಮ ಮೊದಲನೇ ನೇಮ. ಹೆಸರು ಕರದ್ರ 'ಇದ್ದೀನ್ರಿ' ಅನ್ನಬೇಕು. ಯಾಕಂತನೂ ಹೇಳೀನಿ. ಒಬ್ಬರು ಕಾಣಲಿಲ್ಲಂದ್ರ ಎಲ್ಲಾರೂ ಕೂಡಿ ಹುಡುಕಬೇಕಲ್ಲ? ಯಾಕಂತ ತಿಳದ್ರ ಹುಡುಗರು ಮರಿಯೂದಿಲ್ಲ. ಕೆರಿ ಕಾಯಿದೇನೂ ಹಂಗ. ಹೋದ ಮಳಿಗಾಲದಾಗ ನಿಮ್ಮ ಮಗ ಮಂಜಪ್ಪ ನಾರುಹುಣ್ಣಾಗಿ ಹಾಸಿಗಿ ಹಿಡದಿದ್ದಿಲ್ಲೇನ್ರಿ? ಆ ಹುಣ್ಣು ಇದ್ದವರು ನೀರಾಗ ಕಾಲಿಟ್ರ ಅದರ ಹುಳ ನೀರಿಗೆ ಇಳೀತಾವು. ಆ ನೀರು ಕುಡದವರಿಗೆ ಮತ್ತ ಅದ ಬ್ಯಾನಿ. ಯಾರ ಕಾಲಾಗ ಏನೈತಿ ಅಂತ ಕೆರಿಗೆ ಗೊತ್ತೇನ್ರಿ? ಅದಕ್ಕ ಎಲ್ಲಾರಿಗೂ ಒಂದ ಕಾಯಿದೆ."

"ಅದು ಮೈ ಕಾವಿಗೆ ಆಗೂದು," ಎಂದು ಬಸವಣ್ಣೆವ್ವ ಮುಖ ತಿರುವಿದಳು.

"ಮತ್ತ ಗುಡಿಯೊಳಗ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನ್ರಿ? ಅಲ್ಲೇನು ಪೊಲೀಸರು ನಿಂತಿರ್ತಾರ?"

"ಅದು ದೇವರದು!"

"ಇದು ನಮ್ಮ ಕುಡಿಯೂ ನೀರು, ಆಯಿ."

ಮಲಿಕಾಬಿ ಹೋದಳು. ದುಂಡವ್ವ ರೊಟ್ಟಿ ಬಡಿಯುತ್ತ ಕುಳಿತಳು. ಅತ್ತೆ ಹೇಳುವುದು ಖರೆ ಅನಿಸುತ್ತಿತ್ತು. ತನ್ನನ್ನೂ ಅಂಜಿಸಿಯೇ ಬೆಳೆಸಿದ್ದರಲ್ಲ. ಮಲಿಕಾಬಿ ಹೇಳಿದ್ದೂ ಖರೆ ಅನಿಸುತ್ತಿತ್ತು. ಗಂಡನ ಕಾಲಿನಿಂದ ದಾರದಂಥ ಆ ಹುಳ ಇಳಿಯುವುದನ್ನು ಕಣ್ಣಾರೆ ಕಂಡವಳು ಅವಳು. ಯಾರ ಮಾತು ಹಿಡಿಯಬೇಕು? ಯೋಚಿಸುತ್ತ ಯೋಚಿಸುತ್ತ ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು.

ಮುಂದಿನ ವಾರ ಒಂದು ಮಧ್ಯಾಹ್ನ ಫಕೀರವ್ವನ ಆಡಿನ ಮರಿ ತೊಯ್ದುಕೊಂಡು ಒಂಟಿಯಾಗಿ ಮನೆಗೆ ಬಂತು. ಹಿಂದೆ ಫಕೀರವ್ವ ಬರಲಿಲ್ಲ.

ದುಂಡವ್ವ ಕೆರೆಗೆ ಓಡಿದಳು. ಮೆಟ್ಟಿಲ ಹತ್ತಿರ ಮಗಳ ಸಣ್ಣ ತಂಬಿಗೆ ನೀರಿನಲ್ಲಿ ತೇಲುತ್ತಿತ್ತು. ಉಡಚಪ್ಪ ಬಿಳುಚಿಕೊಂಡು ನಿಂತಿದ್ದ.

"ಯವ್ವಾ, ನಾ ಉಣ್ಣಾಕ ಹೋಗಿದ್ದೆ. ಬರೂದ್ರಾಗ ಯಾವುದೋ ಕೂಸು ನೀರಾಗಿಳದು ಮರಿ ಮೈ ತೊಳೀತಿತ್ತು. ದೂರದಿಂದ ಏ ಅಂತ ಒದರಿದೆ. ಒಡ್ಡು ಹತ್ತಿ ಬಂದು ನೋಡ್ತೀನಿ, ಕೂಸು ಇಲ್ಲ. ಓಡಿತೋ, ಜಾರಿತೋ, ನನಗ ತಿಳೀವಲ್ದು."

ಮಾತು ಮುಗಿಯುವ ಮೊದಲೇ ಅವನು ರುಮಾಲು ಬಿಸಾಕಿ ನೀರಿಗೆ ಬಿದ್ದ. ಯಾರನ್ನೂ ಕಾಲಿಡಲು ಬಿಡದ ಉಡಚಪ್ಪ ಎದೆಯುದ್ದ ನೀರಿನಲ್ಲಿ ಮುಳುಗಿ ಮುಳುಗಿ ಕೈಯಾಡಿಸಿದ. ದುಂಡವ್ವನೂ ಸೊಂಟದವರೆಗೆ ಇಳಿದಳು. ಮಗಳಿಗೆ ನೀರಿಗಿಳಿಯಬೇಡ ಅಂದವರು ಯಾರು? ಎಲ್ಲರೂ. ಇಳಿಯುವುದನ್ನು ತೋರಿಸಿದವರು ಯಾರು? ಅದೂ ಮನೆಯವರೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂದ ಹಾಗಾಗಿತ್ತು ಇವರ ಬಾಳು.

ಊರೇ ಸೇರಿತು. "ಫಕೀರವ್ವಾ, ಏ ಫಕೀರವ್ವಾ!" ಎಂದು ಎಲ್ಲರೂ ಕೂಗಿದರು. ಉಡಚಪ್ಪನೂ ನೀರೊಳಗಿಂದ ಕೂಗಿದ. ಉತ್ತರವಿಲ್ಲ. ಬಸವಣ್ಣೆವ್ವ ಮೆಟ್ಟಿಲ ಮೇಲೆ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಲಿಕಾಬಿ ಬಾಲವಾಡಿಯ ಹುಡುಗರನ್ನು ಕರೆದುಕೊಂಡು ಓಡಿಬಂದಳು. "ಎಲ್ಲಾರೂ ಒಂದ್ಸಲ ಸುಮ್ಮನಾಗ್ರಿ. ಉಡಚಪ್ಪಣ್ಣಾ, ನೀವಂತೂ ಕರೀಲೇಬ್ಯಾಡ್ರಿ," ಎಂದಳು. ಮಕ್ಕಳನ್ನು ಒಡ್ಡಿನ ಮೇಲೆ ಸಾಲಾಗಿ ನಿಲ್ಲಿಸಿ, ದಿನಾ ಮುಂಜಾನೆ ಕೂಗುವ ಅದೇ ದನಿಯಲ್ಲಿ ಕೂಗಿದಳು.

"ಖಾದರಬಿ!"

"ಇದ್ದೀನ್ರಿ!"

"ಇಂಥಾ ಹೊತ್ತಿನ್ಯಾಗ ಹಾಜರಿ ಏನು, ಹಾಳಾದಾಕಿ!" ಎಂದು ಬಸವಣ್ಣೆವ್ವ ಚೀರಿದಳು. ದುಂಡವ್ವನಿಗೂ ಏನೊಂದೂ ಅರ್ಥವಾಗಲಿಲ್ಲ.

"ಪಾಂಡುರಂಗ!"

"ಇದ್ದೀನ್ರಿ!"

"ಫಕೀರವ್ವ!"

ಒಡ್ಡಿನ ಕೆಳಗಿನ ಜೋಳದ ಕಣಿಕೆಯ ಬಣವೆ ಒಂಚೂರು ಅಲುಗಾಡಿತು.

"ಇದ್ದೀನ್ರಿ ಅಕ್ಕಾರ," ಎಂದಿತು ಬಣವೆ.

ದುಂಡವ್ವ ನೀರಿನಿಂದ ಹೇಗೆ ಎದ್ದಳೋ, ಒಡ್ಡು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಮಗಳನ್ನು ಹೊರಗೆಳೆದು ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯಲ್ಲೇ ಅಪ್ಪಿಕೊಂಡು ಗೋಳೋ ಎಂದು ಅತ್ತಳು.

"ನಾ ಕರದಾಗ ಯಾಕ ಓ ಅನ್ನಲಿಲ್ಲಬೇ?"

"ಕಾಕಿ ಅಂಗಿಯಾಂವ ಚೀಲದಾಗ ಹಾಕ್ಕೊಂಡು ಒಯ್ತಾನಂತ, ಆಯಿ ಹೇಳ್ಯಾಳ."

ಬಸವಣ್ಣೆವ್ವ ಸೆರಗು ಬಾಯಿಗಿಟ್ಟುಕೊಂಡಳು. ಉಡಚಪ್ಪ ಮೈಯೆಲ್ಲ ನೀರು ಸುರಿಸುತ್ತ ದೂರವೇ ನಿಂತಿದ್ದ. ಹತ್ತಿರ ಬಂದರೆ ಕೂಸು ಮತ್ತೆ ಓಡೀತೆಂದು ಅವನಿಗೇ ಅಂಜಿಕೆ. ಫಕೀರವ್ವ ತಾಯಿಯ ಹೆಗಲ ಮೇಲಿಂದ ಅವನನ್ನೇ ನೋಡಿದಳು.

"ನೀವೂ ನೀರಾಗ ಇಳದ್ರಲ್ಲ? ನಿಮ್ಮನ್ನ ಯಾರು ಒಯ್ತಾರ?"

ಉಡಚಪ್ಪ ನಿಂತಲ್ಲೇ ಕುಕ್ಕರಗಾಲಲ್ಲಿ ಕುಳಿತ.

"ಯಾರೂ ಒಯ್ಯೂದಿಲ್ಲ ಯವ್ವಾ. ನೀವೆಲ್ಲಾ ಛಲೋ ನೀರು ಕುಡೀಲಿ ಅಂತ ಆ ಕಾಯಿದೆ. ನೀನ ಮುಳುಗಿದಿ ಅಂದ್ರ, ನೀರು ಕಾಯ್ಕೋತ ಯಾರ ಸಲುವಾಗಿ ಕುಂದ್ರಲಿ?"

"ಮತ್ತ ನೀವು ಪೊಲೀಸರಲ್ಲೇನು?"

"ನಾ ನಿನ್ನ ಕಾಕಾ."

ಕೆರೆ ನೀರಿಗೆ ಕಾಲು ಬಿದ್ದಿತ್ತಲ್ಲ, ಅದಕ್ಕೇ ಅವತ್ತಿನಿಂದ ಎಲ್ಲರ ಮನೆಯಲ್ಲೂ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿದರು. ದುಂಡವ್ವನ ತಲೆಯೊಳಗಿನ ಗೊಂದಲ ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಅಂಜಿಸದೆ ಮಕ್ಕಳನ್ನು ಬೆಳೆಸುವುದು ಹೇಗೆಂದು ಈಗಲೂ ಒಮ್ಮೊಮ್ಮೆ ತಡವರಿಸುತ್ತಾಳೆ. ಆದರೆ ಒಂದು ಗೊತ್ತಾಗಿತ್ತು: ಅಂಜಿಕೆಯ ನೇಮ ಮಗಳನ್ನು ಬಣವೆಯಲ್ಲಿ ಅಡಗಿಸಿತು, ತಿಳಿದು ಕಲಿತ ನೇಮ ಅವಳನ್ನು ಹೊರಗೆ ತಂದಿತು.

ಕೆಲವು ದಿನಗಳ ಮೇಲೆ ನಸುಕಿನಲ್ಲಿ ಮೂವರೂ ಕೆರೆಗೆ ಹೋದರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬಸವಣ್ಣೆವ್ವ ರೂಢಿಯಂತೆ ಸೀರೆ ಎತ್ತಿ ಕಟ್ಟಿದಳು. ಕಾಲು ಮುಂದಿಟ್ಟವಳು ಹಾಗೆಯೇ ನಿಂತಳು. ಮತ್ತೆ ಸೀರೆ ಬಿಟ್ಟು, ಒಣ ಮೆಟ್ಟಿಲ ಮೇಲೆ ನಿಂತು, ಕೊಡಕ್ಕೆ ಹಗ್ಗ ಬಿಗಿದು ನೀರಿಗೆ ಬಿಟ್ಟಳು.

"ಆಯಿ, ಉಡಚಪ್ಪ ಕಾಕಾ ಇಲ್ಲ," ಎಂದಳು ಫಕೀರವ್ವ.

"ಇಲ್ದಿದ್ರ ಏನಾತು?" ಎಂದಳು ಬಸವಣ್ಣೆವ್ವ, ಹಗ್ಗ ಎಳೆಯುತ್ತ. "ನಾ ಇದ್ದೀನಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ನಿಮ್ಮ ಮನೆಯಲ್ಲೂ ಒಂದು ಕೂಸು ರೊಟ್ಟಿ ತಿನ್ನಲಾರೆನೆಂದು ಹಟ ಮಾಡೀತು. ಆಗ ಪೊಲೀಸರನ್ನು ಕರೆಯಬೇಡಿ. ಅವರನ್ನು ಮಕ್ಕಳಿಗೆ ಆಪತ್ತಿನಲ್ಲಿ ಆಗುವವರೆಂದು ಪರಿಚಯಿಸಿ. ಯಾವ ನೇಮ ಹೇಳಿದರೂ ಅದು ಯಾಕೆಂದು ಜೊತೆಗೇ ಹೇಳಿ. ಯಾರೂ ನೋಡದಾಗ ನೀವು ಏನು ಮಾಡುತ್ತೀರೋ ಅದನ್ನೇ ಮಕ್ಕಳು ಕಲಿಯುತ್ತಾರೆ. ನಾಳೆ ಮುಂಜಾನೆ ಕೊಡ ಹಿಡಿದು ಕೆರೆಗೆ ಹೋದಾಗ, ನೀರಿಗೆ ಕಾಲಿಡುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿ. ನಿಮ್ಮ ಕೂಸು ನಿಮ್ಮ ಕಾಲನ್ನೇ ನೋಡುತ್ತಿರುತ್ತದೆ.