ಪಶ್ಚಿಮ ಪ್ರಾಂತದ ಜನಸಾಂದ್ರತೆ

"ಹ್ಞಾಂ, ಮೇಷ್ಟ್ರಾ? ನಾನ್ರೀ, ಪಠ್ಯಪುಸ್ತಕ ಸಮಿತಿ ಅಧ್ಯಕ್ಷ. ತಿಳೀತಲ್ಲ?"

ಮೂಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಗಿಳಿ ಇಷ್ಟು ಹೇಳುವಷ್ಟರಲ್ಲಿ ಟೈಲರ್ ಹೊಲಿಗೆಯಂತ್ರ ನಿಲ್ಲಿಸಿದ. ನಗು ಬಂದರೆ ನುಂಗಿಬಿಟ್ಟೇನೆಂದು ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟ. ಫೋನು ಅವನದು, ತನ್ನದರಿಂದ ಮಾಡಿದರೆ ಅಪ್ಪನಿಗೆ ಗೊತ್ತಾಗುತ್ತದಲ್ಲ! ಕಂಡವರ ದನಿಯನ್ನೆಲ್ಲ ಕದಿಯುತ್ತಾಳೆಂದೇ ಮನೆಯವರು ಅವಳನ್ನು ಗಿಳಿ ಎನ್ನುತ್ತಿದ್ದರು. ಅಧ್ಯಕ್ಷರ ದನಿಯನ್ನು ಅವಳು ಕೇಳಿದ್ದು ಒಂದೇ ಸಲ, ಕಾಲೇಜಿನ ಭಾಷಣದಲ್ಲಿ. ಅಷ್ಟು ಸಾಕಾಗಿತ್ತು.

ಅಪ್ಪ ಭೂಗೋಳದ ಮೇಷ್ಟ್ರು. ಮನೆ ಅಂಗಡಿಯ ನೆತ್ತಿಯ ಮೇಲೇ: ಅಡುಗೆಮನೆ, ನಡುಮನೆ, ಒಂದು ಮಲಗುವ ಕೋಣೆ, ಆಮೇಲೆ ಯಾರೂ ಕಾಲಿಡಬಾರದ ಅಪ್ಪನ ಓದುವ ಕೋಣೆ. ಅಕ್ಕ ಅವಳಿ ಕೂಸುಗಳನ್ನು ಕಟ್ಟಿಕೊಂಡು ಬಂದು ತಿಂಗಳಾಗಿತ್ತು. ಭಾವ ಹಡಗಿನ ಕೆಲಸದವನು, ಬರುವುದು ವರ್ಷದ ಕೊನೆಗೆ. ಒಂದು ಕೂಸು ರಾಗ ತೆಗೆದರೆ ಇನ್ನೊಂದು ಎದ್ದು ಪಕ್ಕವಾದ್ಯಕ್ಕೆ ಕೂರುತ್ತಿತ್ತು. ಅಕ್ಕ ಕಣ್ಣು ಮುಚ್ಚಿದ್ದನ್ನೇ ಯಾರೂ ಕಂಡಿರಲಿಲ್ಲ. ಓದುವ ಕೋಣೆ ಅವಳಿಗೆ ಬಿಟ್ಟುಕೊಡಿ ಎಂದು ಅಮ್ಮ ಕೇಳಿದಾಗ ಅಪ್ಪ ಪುಸ್ತಕದಿಂದ ತಲೆ ಎತ್ತಿರಲಿಲ್ಲ. "ಮನೆ ವಿಸ್ತೀರ್ಣವನ್ನ ತಲೆಗಳಿಂದ ಭಾಗಿಸಿ ನೋಡೇ. ಸರಾಸರಿ ಧಾರಾಳವಾಗೇ ಇದೆ!"

ಇವತ್ತು ಬೆಳಿಗ್ಗೆ ಅಕ್ಕ ಬ್ಯಾಗಿಗೆ ಬಟ್ಟೆ ತುಂಬಿದ್ದಳು. ನಾಳೆಯಿಂದ ಅವಳ ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ಎರಡು ಕೂಸು. ಅಮ್ಮ ಒಲೆಯ ಮುಂದೆ ನಿಂತು, ಹೊಗೆಯೇ ಇಲ್ಲದ ಒಲೆಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಿಳಿ ಮೆಟ್ಟಿಲಿಳಿದು ಅಂಗಡಿಗೆ ಬಂದದ್ದು ಆಗ.

"ಹೊಸ ಪುಸ್ತಕಕ್ಕೆ ಒಂದು ಕಾಲ್ಪನಿಕ ದೇಶ ಬೇಕು ಮೇಷ್ಟ್ರೇ. ಅಂಕಿ ನನ್ನದು, ನಕ್ಷೆ, ಪರಿಹಾರ ನಿಮ್ಮದು. ತಿಳೀತಲ್ಲ?"

"ಹೇಳಿ ಸಾರ್, ಹೇಳಿ!" ಪೆನ್ಸಿಲಿಗಾಗಿ ಮೇಜು ತಡಕಾಡುವ ಸದ್ದು ಕೇಳಿತು.

ಗಿಳಿ ಮನೆಯ ಒಂದೊಂದು ತಲೆಗೆ ಒಂದೊಂದು ಲಕ್ಷ ಹಿಡಿದಳು. "ಜನಸಂಖ್ಯೆ ಆರು ಲಕ್ಷ. ಅದರಲ್ಲಿ ಈ ವರ್ಷ ಹುಟ್ಟಿದವರೇ ಎರಡು ಲಕ್ಷ."

"ಸಾವಿರಕ್ಕೆ ಮುನ್ನೂರ ಮೂವತ್ಮೂರು!" ಅಪ್ಪ ಕುರ್ಚಿ ಬಿಟ್ಟು ಎದ್ದಿರಬೇಕು. "ಭೂಮಿ ಮೇಲೆ ಯಾವ ದೇಶವೂ ಐವತ್ತು ದಾಟಲ್ಲ ಸಾರ್! ಮರಣ ಪ್ರಮಾಣ?"

"ಸೊನ್ನೆ."

"ಹಾಗಾದ್ರೆ ಅದು ದೇಶ ಅಲ್ಲ, ಸ್ವರ್ಗ."

"ಸ್ವರ್ಗದಲ್ಲಿ ಹೆರಿಗೆ ಎಲ್ಲಿಂದ ಬಂತ್ರೀ?"

ಟೈಲರ್ ಯಾರದೋ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ.

"ಪೂರ್ವದಲ್ಲಿ ಐದು ಲಕ್ಷ ಜನ, ಪಶ್ಚಿಮದಲ್ಲಿ ಒಂದೇ ಲಕ್ಷ," ಗಿಳಿ ಮುಂದುವರಿಸಿದಳು. "ಆದ್ರೆ ನೆಲದಲ್ಲಿ ಮೂರನೇ ಒಂದು ಪಾಲು ಪಶ್ಚಿಮದ್ದೇ."

"ಯಾಕೆ ಸಾರ್? ಮರುಭೂಮಿಯಾ?"

"ಒಳ್ಳೇ ಗಾಳಿ, ಬೆಳಕು."

"ಪರ್ವತಗಳು?"

ಗೋಡೆಯುದ್ದಕ್ಕೂ ಪೇರಿಸಿಟ್ಟ ಹಳೆಯ ಪತ್ರಿಕೆಗಳು ಗಿಳಿಯ ಕಣ್ಣಮುಂದೆ ಬಂದವು. "ಇವೆ. ಪದರಪದರವಾಗಿ ಕೂತಿವೆ. ಧೂಳು ಜಾಸ್ತಿ. ಮುಟ್ಟೋಕೆ ಬಿಡಲ್ಲ."

"ಯಾರು ಬಿಡಲ್ಲ?" ಕತೆ ಕೇಳುವ ಮಗುವಿನ ಹಾಗಿತ್ತು ಅಪ್ಪನ ದನಿ.

"ಅಲ್ಲಿರೋ ಒಂದು ಲಕ್ಷ. ಹೋಗ್ಲಿ ಬಿಡಿ, ದೇಶದ ಸರಾಸರಿ ಧಾರಾಳವಾಗೇ ಇದೆಯಲ್ಲ?"

"ಸರಾಸರಿನ ಒಲೆಗೆ ಹಾಕಿ ಸಾರ್!" ಈಗ ಬಂದದ್ದು ತರಗತಿಯ ದನಿ; ಫೋನಿನಲ್ಲಿ ಒಮ್ಮೆ, ಮೇಲಿನ ಕಿಟಕಿಯಿಂದ ಒಮ್ಮೆ. "ಒಬ್ಬ ಎರಡು ಊಟ ಹೊಡೆದು ಇನ್ನೊಬ್ಬ ಉಪವಾಸ ಬಿದ್ರೂ ಸರಾಸರಿ ತಲೆಗೊಂದೂಟ. ಅದನ್ನ ನೋಡ್ಕೊಂಡು ಸುಮ್ನೆ ಕೂತವನು ದಡ್ಡ."

"ದಡ್ಡ ಅಂತ ಬರ್ಕೊಳ್ಳಲಾ?"

"ಶತದಡ್ಡ ಅಂತ ಬರ್ಕೊಳ್ಳಿ! ಪರಿಹಾರ ಒಂದೇ. ಪಶ್ಚಿಮದ ಗಡಿ ತೆರೀಬೇಕು, ಇವತ್ತೇ. ಮೊದಲು ತಾಯಿ, ಕೂಸುಗಳು."

ಗಿಳಿಯ ಬೆರಳು ಮೂಗಿನ ಮೇಲೆ ಸಡಿಲವಾಯಿತು. ಮತ್ತೆ ಬಿಗಿ ಹಿಡಿದು ಹೇಳಿದಳು, "ಗಡಿಗೆ ಇರೋದು ಒಂದೇ ದಾರಿ ಮೇಷ್ಟ್ರೇ. ಅದಕ್ಕೂ ಒಳಗಿನಿಂದ ಚಿಲಕ."

ಪೆನ್ಸಿಲಿನ ಗೀರು ನಿಂತಿತು. "ಗಡಿಗೆ... ಚಿಲಕ?"

ಅಷ್ಟರಲ್ಲಿ ಮೇಲೆ ಒಂದು ಕೂಸು ಅತ್ತಿತು. ಅದರ ಬೆನ್ನಿಗೇ ಇನ್ನೊಂದು.

"ಎರಡು ಲಕ್ಷ," ಎಂದು ಅಪ್ಪ ಫೋನಿನಲ್ಲಿ ಪಿಸುಗುಟ್ಟಿದರು.

ಟೈಲರ್ ಮೆಲ್ಲಗೆ ಕೈ ಚಾಚಿ, "ನನ್ನ ಹೆಸರು ಹೇಳ್ಬೇಡಮ್ಮಾ, ಮೇಷ್ಟ್ರ ಎರಡು ಪ್ಯಾಂಟು ನನ್ನ ಹತ್ರಾನೇ ಇವೆ" ಎಂದು ಫೋನು ಕಿತ್ತುಕೊಂಡ. ಗಿಳಿ ಚಾವಣಿ ನೋಡಿದಳು. ಮೇಲೆ ಕುರ್ಚಿ ಸರಿಯಿತು. ಚಿಲಕ ಸರಿಯಿತು. ದೊಪ್ಪೆಂದು ಏನೋ ಉರುಳಿತು.

ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಾಗ ಓದುವ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಮತ್ತೆ ಮುಚ್ಚಿಕೊಳ್ಳದಂತೆ ಅದಕ್ಕೆ ಅಡ್ಡವಾಗಿ ಅಕ್ಕನ ತುಂಬಿದ ಬ್ಯಾಗು. ಅಕ್ಕ ತೊಟ್ಟಿಲಿನ ಒಂದು ತುದಿ ಹಿಡಿದು ಹೊಸಿಲಲ್ಲೇ ನಿಂತುಬಿಟ್ಟಿದ್ದಳು, ಅಮ್ಮ ಇನ್ನೊಂದು ತುದಿ. ಅಪ್ಪ ಉರುಳಿದ ಪತ್ರಿಕೆಗಳ ನಡುವೆ ನೆಲದ ಮೇಲೆ ಕೂತು, ತೊಡೆಯ ಮೇಲಿನ ನಕ್ಷೆಯಲ್ಲಿ ಪಶ್ಚಿಮದ ಗಡಿಯನ್ನು ರಬ್ಬರಿನಿಂದ ಉಜ್ಜುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕಣ್ಣಲ್ಲಿ ನೀರು. ಅವರು ಎಷ್ಟು ಜೋರಾಗಿ ನಗುತ್ತಿದ್ದರೆಂದರೆ, ಎರಡು ಕೂಸುಗಳೂ ಅಳುವುದು ಬಿಟ್ಟು ಅವರನ್ನೇ ನೋಡುತ್ತಿದ್ದವು.